ಮೀನಿಗೆ ಆಯುಸ್ಸು ಹೆಚ್ಚಿತೆಂದು ನಾವು ಮಾತ್ರೆ ನುಂಗಬೇಕೇ?

ಏಳನೆಯ ತರಗತಿಯಲ್ಲಿ ಕಶೇರುಕಗಳ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. "ಮಾಷ್ಟ್ರೇ, ಮೀನಿಗೆ ಮುಪ್ಪು ಬರ್ತದಾ?" ತರಗತಿಯೆಲ್ಲ ನಕ್ಕಿತು. ಕಾಸರಗೋಡಿನ ಮಕ್ಕಳಿಗೆ ಬಂಗುಡೆ, ಬೂತಾಯಿ ದಿನವೂ ಕಾಣುವಂಥವು. ಆದರೆ ಮುದಿ ಬಂಗುಡೆಯನ್ನು ಕಂಡವರು ಯಾರು? ನಾವೂ ಮೊದಲು ನಕ್ಕೆವು. ಆಮೇಲೆ ಹುಡುಕಿ ಓದಿದಾಗ, ಪ್ರಪಂಚದ ದೊಡ್ಡ ಪ್ರಯೋಗಾಲಯಗಳೇ ಈ ಪ್ರಶ್ನೆಯ ಹಿಂದೆ ಬಿದ್ದಿವೆ ಎಂದು ತಿಳಿಯಿತು.

ಮೀನಿಗೆ ಮುಪ್ಪು ಬರುತ್ತದೆ. ಅದನ್ನು ಚೆನ್ನಾಗಿ ತೋರಿಸಿಕೊಡುವ ಮೀನು ಆಫ್ರಿಕಾದ ಮೊಜಾಂಬಿಕ್ ಮತ್ತು ಜಿಂಬಾಬ್ವೆಯ ಟರ್ಕ್ವಾಯ್ಸ್ ಕಿಲ್ಲಿಮೀನು. ನಮ್ಮ ಪದವುಗಳಲ್ಲಿ ಮುರಕಲ್ಲಿನ ಹೊಂಡಗಳು ಮಳೆಗಾಲದಲ್ಲಿ ತುಂಬಿ ಬೇಸಗೆಗೆ ಒಣಗುತ್ತವಲ್ಲ, ಅಂಥದೇ ತಾತ್ಕಾಲಿಕ ನೀರಿನಲ್ಲಿ ಅದರ ವಾಸ. ನೀರು ಆರುವುದರೊಳಗೆ ಅದು ಹುಟ್ಟಿ, ಬೆಳೆದು, ಮೊಟ್ಟೆಯಿಟ್ಟು ಮುಗಿಸಬೇಕು. ಮೊಟ್ಟೆಗಳು ಒಣಕೆಸರಿನಲ್ಲಿ ಬೆಳವಣಿಗೆ ನಿಲ್ಲಿಸಿ ಮುಂದಿನ ಮಳೆಗೆ ಕಾಯುತ್ತವೆ. ಸೋಜಿಗವೆಂದರೆ, ಗಾಜಿನ ತೊಟ್ಟಿಯಲ್ಲಿಟ್ಟು ಹೊತ್ತುಹೊತ್ತಿಗೆ ಆಹಾರ ಕೊಟ್ಟರೂ ಇದು ಸುಮಾರು ನಾಲ್ಕರಿಂದ ಆರು ತಿಂಗಳಲ್ಲಿ ಸಾಯುತ್ತದೆ. ಅಷ್ಟರೊಳಗೆ ಬಣ್ಣ ಮಾಸುತ್ತದೆ, ಬೆನ್ನು ಬಾಗುತ್ತದೆ, ಈಜು ನಿಧಾನವಾಗುತ್ತದೆ, ಕಲಿಯುವ ಶಕ್ತಿ ಕುಂದುತ್ತದೆ, ಗಡ್ಡೆಗಳೂ ಕಾಣಿಸಿಕೊಳ್ಳುತ್ತವೆ. ನಮ್ಮ ಅಜ್ಜ ಅಜ್ಜಿಯರ ಎಪ್ಪತ್ತು ಎಂಬತ್ತು ವರ್ಷದ ಕತೆ ಅಲ್ಲಿ ಒಂದು ಶಾಲಾವರ್ಷದೊಳಗೇ ಮುಗಿಯುತ್ತದೆ.

ಮುಪ್ಪನ್ನು ಅರಿಯಲು ಮೀನೇ ಏಕೆ ಎಂದು ಕೇಳಬಹುದು. ಕೆಲವೇ ವಾರ ಬದುಕುವ ಸಣ್ಣ ಹುಳುವಿನಿಂದಲೂ ಹಣ್ಣುನೊಣದಿಂದಲೂ ವಿಜ್ಞಾನಿಗಳು ಬಹಳ ಕಲಿತಿದ್ದಾರೆ. ಆದರೆ ಅವಕ್ಕೆ ಬೆನ್ನೆಲುಬಿಲ್ಲ. ರೋಗವನ್ನು ನೆನಪಿಟ್ಟುಕೊಂಡು ಎದುರಿಸುವ ನಮ್ಮಂಥ ರಕ್ಷಣಾ ವ್ಯವಸ್ಥೆಯೂ ಇಲ್ಲ. ಇಲಿಗೆ ಇವೆಲ್ಲ ಇವೆ. ಆದರೆ ಒಂದು ಇಲಿಯ ಮುಪ್ಪು ನೋಡಲು ಎರಡು ಮೂರು ವರ್ಷ ಕಾಯಬೇಕು. ಬೆನ್ನೆಲುಬೂ ಬೇಕು, ಬೇಗ ಉತ್ತರವೂ ಬೇಕು ಎಂದಾಗ ಈ ಪುಟ್ಟ ಮೀನು ಒದಗಿ ಬರುತ್ತದೆ. 2015ರಲ್ಲಿ ಇದರ ಸಂಪೂರ್ಣ ಜೀನೋಮನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಜರ್ಮನಿಯ ಯೇನಾದ ತಂಡಗಳು ಬೇರೆಬೇರೆಯಾಗಿ ಪ್ರಕಟಿಸಿದವು. 2017ರಲ್ಲಿ ಜರ್ಮನಿಯ ಕಲೋನ್‌ನ ಸಂಶೋಧಕರು ನಡುವಯಸ್ಸಿನ ಮೀನುಗಳ ಕರುಳಿನ ಸೂಕ್ಷ್ಮಜೀವಿಗಳನ್ನು ಔಷಧಿಯಿಂದ ತೆಗೆದು, ಎಳೆಯ ಮೀನುಗಳ ಸೂಕ್ಷ್ಮಜೀವಿಗಳನ್ನು ಕೊಟ್ಟು ನೋಡಿದರು. ಅವು ಉಳಿದವಕ್ಕಿಂತ ಹೆಚ್ಚು ಕಾಲ ಬದುಕಿದವು, ಚುರುಕಾಗಿಯೂ ಇದ್ದವು.

ಇಲ್ಲಿಯವರೆಗೆ ಸಂತೋಷವೇ. ನಮ್ಮ ಕಳವಳ ಇರುವುದು ಇದರ ಮುಂದಿನ ಸಂಗತಿಯಲ್ಲಿ.

2006ರಲ್ಲಿ ಇಟಲಿಯ ವಿಜ್ಞಾನಿಗಳಾದ ವಲೆಂಜಾನೊ, ಚೆಲ್ಲೆರಿನೊ ಮತ್ತವರ ಸಂಗಡಿಗರು ಇದೇ ಮೀನಿಗೆ ರೆಸ್ವೆರಟ್ರಾಲ್ ಎಂಬ ವಸ್ತುವನ್ನು ತಿನ್ನಿಸಿದರು. ದ್ರಾಕ್ಷಿಯ ಸಿಪ್ಪೆಯಲ್ಲಿರುವ ವಸ್ತು ಅದು. ಮೀನಿನ ಆಯುಸ್ಸು ಚೆನ್ನಾಗಿಯೇ ಹೆಚ್ಚಿತು. ಅದೇ ವರ್ಷ, ಕೊಬ್ಬಿನ ಆಹಾರ ತಿಂದು ದಪ್ಪಗಾದ ಇಲಿಗಳಿಗೂ ಅದರಿಂದ ಲಾಭವಾಯಿತೆಂಬ ವರದಿ ಬಂತು. ಆದರೆ ಸಾಧಾರಣ ಆಹಾರ ತಿನ್ನುವ ಇಲಿಗಳಲ್ಲಿ ಪರೀಕ್ಷಿಸಿದಾಗ, 2008ರಲ್ಲೂ 2011ರಲ್ಲೂ, ಆಯುಸ್ಸು ಹೆಚ್ಚಲಿಲ್ಲ. ಮೀನಿನಲ್ಲಿ ನಿಜವಾದದ್ದು ಇಲಿಯಲ್ಲೇ ನಿಲ್ಲಲಿಲ್ಲ. ಮನುಷ್ಯನ ಮಾತು ಇನ್ನೂ ದೂರ. ಹಾಗಿದ್ದರೂ ಆ ವಸ್ತುವಿನ ಮಾತ್ರೆ ಇವತ್ತಿಗೂ ಮಾರಾಟವಾಗುತ್ತಲೇ ಇದೆ.

ಇದರಲ್ಲಿ ವಿಜ್ಞಾನಿಗಳ ತಪ್ಪಿಲ್ಲ. ಅವರು ಮೀನಿನಲ್ಲಿ ಕಂಡದ್ದನ್ನು ಮೀನಿನ ಮಾತಾಗಿಯೇ ಬರೆದರು. ಬಳಿಕ ಬೇರೆಯವರು ಇಲಿಯಲ್ಲಿ ನೋಡಿ, ಆಗಲಿಲ್ಲವೆಂದು ಅದನ್ನೂ ಬರೆದರು. ವಿಜ್ಞಾನ ನಡೆಯಬೇಕಾದ್ದೇ ಹೀಗೆ. ಆದರೆ ನಮ್ಮ ಮನೆಗಳಿಗೆ ತಲುಪುವುದು ಮೊದಲ ಅರ್ಧ ಮಾತ್ರ. "ಆಯುಸ್ಸು ಹೆಚ್ಚಿಸುವ ವಸ್ತು ಪತ್ತೆ" ಎಂಬ ಸುದ್ದಿ ಬರುತ್ತದೆ, ಜಾಹೀರಾತು ಕನ್ನಡದಲ್ಲೂ ಮಲಯಾಳದಲ್ಲೂ ಬರುತ್ತದೆ. "ಇಲಿಯಲ್ಲಿ ಫಲಿಸಲಿಲ್ಲ" ಎಂಬ ಉಳಿದರ್ಧ ಬಹುತೇಕ ಇಂಗ್ಲಿಷಿನಲ್ಲೇ ಉಳಿದುಬಿಡುತ್ತದೆ. ಕನ್ನಡ ಮಾತ್ರ ಓದಬಲ್ಲ ನಮ್ಮ ಮಕ್ಕಳ ಅಜ್ಜಂದಿರು ಪಿಂಚಣಿ ದುಡ್ಡಿನಲ್ಲಿ ಡಬ್ಬಿ ಕೊಳ್ಳುವುದು ಈ ಅರ್ಧ ಸುದ್ದಿಯನ್ನು ನಂಬಿ.

ಹಾಗಾಗಿ ನಮ್ಮ ಅಭಿಪ್ರಾಯ ಇಷ್ಟು. ಮೀನಿನ ಮೇಲಿನ ಈ ಸಂಶೋಧನೆ ಬೇಕು. ಸಾವನ್ನು ತಪ್ಪಿಸುವುದಕ್ಕಲ್ಲ, ಕೊನೆಯ ವರ್ಷಗಳಲ್ಲಿ ಹಾಸಿಗೆ ಹಿಡಿಯುವುದನ್ನು ಕಡಿಮೆ ಮಾಡಲು ದಾರಿ ಸಿಗಬಹುದೆಂಬ ಆಸೆಗೆ. ಆದರೆ ಅದರ ಫಲವನ್ನು ಅಳೆದು ನೋಡುವ ಬುದ್ಧಿಯನ್ನು ಕನ್ನಡದಲ್ಲಿ ಕಲಿಸುವವರು ನಾವಲ್ಲದೆ ಬೇರೆ ಯಾರೂ ಇಲ್ಲ. ಹೀಗೊಂದು ಸುದ್ದಿ ಬಂದಾಗ ಮಕ್ಕಳು ಮೂರು ಪ್ರಶ್ನೆ ಕೇಳಲಿ: ಯಾವ ಪ್ರಾಣಿಯಲ್ಲಿ ನೋಡಿದರು? ಬೇರೆಯವರು ಮತ್ತೆ ಮಾಡಿ ನೋಡಿದರೇ? ಮನುಷ್ಯರಲ್ಲಿ ಪರೀಕ್ಷೆಯಾಯಿತೇ? ಇದಕ್ಕೆ ಪ್ರಯೋಗಾಲಯ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಒಂದು ಪೀರಿಯಡ್ ಸಾಕು.

ಮರುದಿನ ನಾವು ಆ ಹುಡುಗನಿಗೆ ಕಿಲ್ಲಿಮೀನಿನ ಕತೆ ಹೇಳಿದೆವು. ಎಲ್ಲ ಕೇಳಿ ಅವನು, "ಹಾಗಾದ್ರೆ ನಮ್ಮ ಅಜ್ಜನ ಡಬ್ಬಿಯಲ್ಲಿ ಏನುಂಟು ಅಂತ ಓದಿ ನೋಡ್ತೇನೆ ಮಾಷ್ಟ್ರೇ" ಎಂದ. ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ.