ಕೈಯೊಂದನ್ನು ಬಿಟ್ಟು ಉಳಿದೆಲ್ಲ ನೋಡುವವರಿಗೆ

ಬೆಳಗಾವಿಯಲ್ಲಾಗಲಿ ಖಾನಾಪುರದಲ್ಲಾಗಲಿ, ವಿಡಿಯೊ ಗೇಮ್ ಆಡುವವರ ಕೈನೋವು ಕಡಿಮೆ ಮಾಡುವುದು ಹೇಗೆ ಎಂದು ಕೇಳಿ ನೋಡಿ. ಉಪಾಯ ಯಾರೂ ಹೇಳುವುದಿಲ್ಲ, ಎಲ್ಲರೂ ವಾದಕ್ಕೆ ನಿಲ್ಲುತ್ತಾರೆ. ಹಿರಿಯರ ಪ್ರಕಾರ ನೋವು ಆಡಿದ ತಪ್ಪಿಗೆ ಬಿದ್ದ ದಂಡ. ಆಡುವ ಹುಡುಗರ ಪ್ರಕಾರ ಅದು ಪಳಗಿದ ಕೈಗೆ ಸಿಕ್ಕ ಬಿರುದು. ಅಂಗಡಿಯವರ ಪ್ರಕಾರ ಇನ್ನೂ ಕೊಳ್ಳದೆ ಉಳಿದ ಸಾಮಾನಿನ ಇನ್ನೊಂದು ಹೆಸರು. ಈ ಮೂರು ಪಕ್ಷಗಳಿಗೂ ಪರಸ್ಪರ ಆಗಿಬರುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಪೂರ್ಣ ಒಮ್ಮತವಿದೆ: ಕೈಯನ್ನು ಯಾರೂ ನೋಡುವುದಿಲ್ಲ. ನನ್ನ ನಿಲುವು ಇಷ್ಟೇ. ಇದು ದುಡಿಮೆಯ ನೋವು. ಒಂದೇ ಚಲನೆ ಎಷ್ಟು ಸಲ, ಕೈ ಯಾವ ಭಂಗಿಯಲ್ಲಿ, ನಡುವೆ ಬಿಡುವು ಎಷ್ಟು ಎಂಬ ಲೆಕ್ಕದಿಂದ ಹುಟ್ಟುತ್ತದೆ, ಆ ಲೆಕ್ಕ ತಿದ್ದಿದರೆ ಇಳಿಯುತ್ತದೆ. ಎದುರುವಾದಗಳನ್ನು ಒಂದೊಂದಾಗಿ ಮುಂದಿಡುತ್ತೇನೆ, ತೀರ್ಪು ಓದುಗರು ಕೊಡಲಿ.

ಮೊದಲ ವಾದ ಎಲ್ಲ ಮನೆಗಳ ಪಡಸಾಲೆಯಲ್ಲೂ ಕೇಳುವಂಥದ್ದು: “ಮೊಬೈಲ್ ಬಿಡು ತಮ್ಮಾ, ನೋವು ತಾನ ಹೋಗತೈತಿ.” ಸುಳ್ಳಲ್ಲ. ಕೆಲಸ ಬಿಟ್ಟರೆ ಕೆಲಸದ ನೋವೂ ಹೋಗುತ್ತದೆ. ಆದರೆ ಇದೇ ಮಾತನ್ನು ಕುಸ್ತಿ ಅಖಾಡಕ್ಕೆ ಹೋಗಿ ಹೇಳಿ ಬರಲಿ. ಭುಜ ಉಳುಕಿದ ಪೈಲ್ವಾನನಿಗೆ ಯಾವ ವಸ್ತಾದನೂ ಕುಸ್ತಿಯನ್ನೇ ಬಿಡು ಎನ್ನುವುದಿಲ್ಲ. ಕೆಲವು ದಿನ ಮಣ್ಣಿಗಿಳಿಸದೆ ಕೂರಿಸುತ್ತಾನೆ, ಆಮೇಲೆ ಪಟ್ಟು ಹಾಕುವ ರೀತಿಯನ್ನೇ ತಿದ್ದುತ್ತಾನೆ. “ಅದು ಆಟ, ಇದು ಚಟ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾದರೆ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟು ಕ್ರೀಡಾ ಸಚಿವಾಲಯಕ್ಕೆ ಒಪ್ಪಿಸಿದ್ದು ಯಾವುದನ್ನು? 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪದಕ ಕೊಟ್ಟದ್ದು ಯಾವುದಕ್ಕೆ? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ 2025ರ ಕಾಯ್ದೆಯೂ ಇ-ಸ್ಪೋರ್ಟ್ಸ್‌ ಅನ್ನು ಬೇರೆ ಸಾಲಿನಲ್ಲೇ ಕೂರಿಸಿದೆ.

ಇಲ್ಲಿಗೆ ಬಂದಾಗ ಹಿರಿಯರು ಬೆಳಗಾವಿ ಪಕ್ಕದ ಕಾಕತಿಯ ಹೆಸರೆತ್ತುತ್ತಾರೆ. 2019ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಪಬ್‌ಜಿ ಆಟದ ವಿಚಾರಕ್ಕೆ ಮಗನೊಬ್ಬ ತಂದೆಯನ್ನೇ ಕೊಂದ. ಘೋರ ಘಟನೆ, ಮರೆಯುವಂಥದ್ದಲ್ಲ. ಆದರೆ ಅದು ಮನಸ್ಸಿನ ಪ್ರಕರಣ, ಮಣಿಕಟ್ಟಿನದಲ್ಲ. ಆಟದ ಗೀಳು ನಿಜವಾದ ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ. 2022ರ ಜನವರಿಯಿಂದ ಜಾರಿಗೆ ಬಂದ ಅದರ ರೋಗಪಟ್ಟಿಯಲ್ಲಿ ಗೀಳಿಗೆ ಜಾಗವಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಿಂದಲೇ ಅದಕ್ಕೆಂದು ಕ್ಲಿನಿಕ್ ನಡೆಸುತ್ತಿದೆ. ಗೀಳಿದ್ದವರು ಅಲ್ಲಿಗೆ ಹೋಗಲಿ. ಗೀಳಿಲ್ಲದೆಯೂ ಹೆಬ್ಬೆರಳು ನೋಯುವವನಿಗೆ ಕೊಲೆಯ ಕತೆ ಹೇಳಿ ಕಳಿಸುವುದು ಯಾವ ಚಿಕಿತ್ಸೆ? ಈ ವಾದದ ಅಸಲಿ ಹಾನಿ ಬೇರೆ ಇದೆ. ಕೈ ನೋಯುತ್ತದೆ ಎಂದರೆ ಫೋನು ಹೋಗುತ್ತದೆ ಎಂದು ಗೊತ್ತಿರುವ ಹುಡುಗ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ. ವಾರದಲ್ಲಿ ಇಳಿಯಬೇಕಾದ ನೋವು ತಿಂಗಳುಗಟ್ಟಲೆ ಹಾಸಿಗೆಯ ಮರೆಯಲ್ಲಿ ಬೆಳೆಯುತ್ತದೆ. ನೋವು ಬಿಡಿಸಲು ಹೊರಟ ಉಪದೇಶ ನೋವನ್ನು ಬಚ್ಚಿಡುವುದನ್ನಷ್ಟೇ ಕಲಿಸುತ್ತದೆ.

ಎರಡನೆಯ ವಾದ ಅಭಿಮಾನದ್ದು: “ವಡಗಾವಿ, ಖಾಸಬಾಗದ ನೇಕಾರರು ಜನ್ಮವಿಡೀ ಲಾಳಿ ಎಸೆದರು, ಖಾನಾಪುರದ ಕುಂಬಾರರು ತಿಗರಿ ತಿರುಗಿಸಿದರು, ಅವರಿಗೆ ಇಲ್ಲದ ಕೈನೋವು ಇವಕ್ಕೆ ಎಲ್ಲಿಂದ ಬಂತು?” ಅವರಿಗೆ ಇರಲಿಲ್ಲವೆಂದು ಹೇಳಿದವರಾರು? ಇತ್ತು, ಕೇಳುವವರು ಇರಲಿಲ್ಲ. ಇಟಲಿಯ ವೈದ್ಯ ರಾಮಾಜ್ಜಿನಿ 1713ರಲ್ಲೇ ಗುಮಾಸ್ತರ ಕೈನೋವಿಗೆ ಕಾರಣ ಬರೆದಿಟ್ಟ: ಕೂತಲ್ಲೇ ಕೂರುವುದು, ಕೈಯ ಒಂದೇ ಬಗೆಯ ಚಲನೆ, ತಪ್ಪಾಗಬಾರದೆಂಬ ಮನಸ್ಸಿನ ಬಿಗಿ. ರ‍್ಯಾಂಕ್ ಏರಿಸಲು ಪಟ್ಟು ಹಿಡಿದು ಆಡುವ ಹುಡುಗನ ವರ್ಣನೆಗೆ ಇದಕ್ಕಿಂತ ಹೆಚ್ಚೇನು ಬೇಕು? ಹೆಬ್ಬೆರಳ ಬುಡದ ನೋವಿಗೆ ಇಂದಿಗೂ ಹೆಸರು ಕೊಟ್ಟಿರುವ ಸ್ವಿಸ್ ಶಸ್ತ್ರವೈದ್ಯ ಡಿ ಕ್ವೆರ್ವೇನ್ ಅದನ್ನು ವಿವರಿಸಿದ್ದು 1895ರಲ್ಲಿ, ಮೊಬೈಲ್ ಹುಟ್ಟುವುದಕ್ಕೆ ಬಹಳ ಮುಂಚೆ. ಎಳೆಗೂಸನ್ನು ಮತ್ತೆ ಮತ್ತೆ ಎತ್ತಿಕೊಳ್ಳುವ ಬಾಣಂತಿಯರಿಗೂ ಅದೇ ನೋವು ಬರುತ್ತದೆ. ಇನ್ನು ಕುಂಬಾರನ ದಿನವನ್ನೇ ಗಮನಿಸಿ. ಮಣ್ಣು ತರುತ್ತಾನೆ, ತುಳಿಯುತ್ತಾನೆ, ನಾದುತ್ತಾನೆ, ತಿಗರಿಗೆ ಕೂರುತ್ತಾನೆ, ಎದ್ದು ಬಿಸಿಲಿಗಿಡುತ್ತಾನೆ. ಅವನ ಕೆಲಸದಲ್ಲೇ ಬದಲಾವಣೆ ಹೆಣೆದುಕೊಂಡಿದೆ. ಗ್ರಾಮ ಕುಂಬಾರಿಕೆ ಕಲಿಸುವ ಸಂಸ್ಥೆ ಇರುವ ಖಾನಾಪುರದವರಿಗೆ ಇದನ್ನು ನಾನು ಹೇಳಿಕೊಡಬೇಕೆ? ಹಿರಿಯರ ಉದಾಹರಣೆ ನನ್ನ ವಾದಕ್ಕೇ ಸಾಕ್ಷಿ ಹೇಳುತ್ತದೆ.

ಈಗ ಎದುರು ದಂಡೆಗೆ ಹೋಗೋಣ. ಆಡುವವರ ವಾದ: “ನೋವು ಇದ್ದದ್ದೇ, ರೂಢಿಯಾಗತೈತಿ. ಖರೇನ ತ್ರಾಸ ಆದ್ರ ನಾವ ನಿಲ್ಲಸ್ತೀವಿ.” ನಿಲ್ಲಿಸುವುದಿಲ್ಲ ಎಂಬುದಕ್ಕೆ ದಾಖಲೆ ಇದೆ. ಕ್ಯಾಲಿಫೋರ್ನಿಯದ 29 ವರ್ಷದ ಯುವಕನೊಬ್ಬ ಆರೆಂಟು ವಾರ ದಿನವಿಡೀ ಎಡಗೈಯಲ್ಲಿ ಕ್ಯಾಂಡಿ ಕ್ರಶ್ ಆಡಿದ. ಅವನ ಹೆಬ್ಬೆರಳ ಸ್ನಾಯುರಜ್ಜು ಹರಿದೇ ಹೋಯಿತು, ಶಸ್ತ್ರಚಿಕಿತ್ಸೆ ಬೇಕಾಯಿತು. ಆಡುವಾಗ ಅವನಿಗೆ ನೋವೇ ಗೊತ್ತಾಗಿರಲಿಲ್ಲ. 2015ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದ ವೈದ್ಯರು, ಆಟದ ತನ್ಮಯತೆಯೇ ನೋವನ್ನು ಮಂಕು ಮಾಡಬಹುದು ಎಂದು ಎಚ್ಚರಿಸಿದರು. ನೋವಿನ ಗಂಟೆಯನ್ನೇ ಬಟ್ಟೆ ಸುತ್ತಿ ಕೂರಿಸಿ, ಗಂಟೆ ಹೊಡೆದಾಗ ಏಳುತ್ತೇವೆ ಎನ್ನುವವರ ಮಾತನ್ನು ಎಷ್ಟು ನಂಬಬೇಕು? ಇವರಲ್ಲಿ ಇನ್ನೊಂದು ದ್ವಂದ್ವವಿದೆ. ನಾಲ್ಕು ಬೆರಳಿನ ಕ್ಲಾ ಹಿಡಿತವನ್ನು ವೃತ್ತಿಪರ ಆಟಗಾರರ ವಿಡಿಯೊ ನೋಡಿ ಕಲಿಯುತ್ತಾರೆ. ವೃತ್ತಿಪರರಲ್ಲೇ ಹಾಯ್ ಲ್ಯಾಮ್ 2015ರಲ್ಲಿ ಮಣಿಕಟ್ಟಿನ ನೋವನ್ನು ಹೇಳಿ ಹಿಂದೆ ಸರಿದದ್ದು, ಉಝಿ ಎಂದು ಹೆಸರಾದ ಚೀನಾದ ಆಟಗಾರ 2020ರಲ್ಲಿ ಕೈನೋವು ಮತ್ತು ಮಧುಮೇಹದ ಕಾರಣಕ್ಕೆ ನಿವೃತ್ತನಾದದ್ದು ಮಾತ್ರ ಇವರ ಸಿಲಬಸ್ಸಿನಲ್ಲಿ ಇಲ್ಲ.

ಅಂಗಡಿ ಪಕ್ಷದ ವಾದ ಚಿಕ್ಕದು, ಬಿಲ್ಲು ಮಾತ್ರ ದೊಡ್ಡದು: “ಸರಿಯಾದ ಸಾಮಾನು ಹಾಕ್ಕೊಂಡ್ರ ಕೈ ನೋಯೂದಿಲ್ಲ.” ಒಂದೊಂದೇ ಸಾಮಾನು ಕಟಕಟೆಗೆ ಬರಲಿ. ಬೆರಳಿಗೆ ತೊಡುವ ಥಂಬ್ ಸ್ಲೀವ್ ಬೆವರು ಒರೆಸುತ್ತದೆ, ಸ್ನಾಯುರಜ್ಜಿನ ಭಾರ ಕಡಿಮೆ ಮಾಡುವುದಿಲ್ಲ. ಫೋನಿನ ಬೆನ್ನಿಗೆ ಕಚ್ಚಿಸುವ ಕೂಲಿಂಗ್ ಫ್ಯಾನು ಫೋನನ್ನು ತಣ್ಣಗಿಡುತ್ತದೆ ನಿಜ, ಜತೆಗೆ ನಿಮ್ಮ ಬೆರಳು ಹೊರುವ ತೂಕವನ್ನೂ ಹೆಚ್ಚಿಸುತ್ತದೆ. ಫೋನಿನ ಅಂಚಿಗೆ ಸಿಕ್ಕಿಸುವ ಟ್ರಿಗರ್ ಹೆಬ್ಬೆರಳಿನ ಕೆಲಸದಲ್ಲಿ ಸ್ವಲ್ಪವನ್ನು ತೋರುಬೆರಳಿಗೆ ವರ್ಗಾಯಿಸುತ್ತದೆ. ಹಂಚಿಕೊಂಡರೆ ಲಾಭ, ತೋರುಬೆರಳು ಗಂಟೆಗಟ್ಟಲೆ ಕೊಕ್ಕೆಯಂತೆ ಮಡಚಿಕೊಂಡೇ ಇದ್ದರೆ ನೋವಿನ ವಿಳಾಸವಷ್ಟೇ ಬದಲು. ಹೆಬ್ಬೆರಳನ್ನು ಬಯಲಿಗೆ ಬಿಟ್ಟು ಮಣಿಕಟ್ಟನ್ನು ಮಾತ್ರ ಸುತ್ತುವ ಎಲಾಸ್ಟಿಕ್ ಪಟ್ಟಿ ಡಿ ಕ್ವೆರ್ವೇನ್ ನೋವಿಗೆ ಕೆಲಸಕ್ಕೆ ಬಾರದು, ಅಲ್ಲಿ ಹೆಬ್ಬೆರಳನ್ನೂ ಹಿಡಿದಿಡುವ ಸ್ಪ್ಲಿಂಟ್ ಬೇಕು. ಇನ್ನು ಮೆಡಿಕಲ್ ಅಂಗಡಿಯ ನೋವಿನ ಮಾತ್ರೆ. ಅದನ್ನು ನುಂಗಿ ಮತ್ತೆ ಆಡಲು ಕೂರುವವನು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಒತ್ತೆಯಿಟ್ಟು ಕೈಯ ಸಾಲ ಬೆಳೆಸಿಕೊಳ್ಳುತ್ತಾನೆ.

ಐದನೆಯ ವಾದ ಓದಿಕೊಂಡವರದು: “ಇದು ಕಾರ್ಪಲ್ ಟನಲ್, ಎಲ್ಲರಿಗೂ ಗೊತ್ತಿದೆ.” ಎಲ್ಲರಿಗೂ ಗೊತ್ತಿರುವುದು ಆ ಹೆಸರು ಮಾತ್ರ. ಮಣಿಕಟ್ಟಿನ ಆ ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳ ಜತೆ ಹಾಯುವ ನರ ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧಭಾಗವನ್ನು ನೋಡಿಕೊಳ್ಳುತ್ತದೆ. ಅದು ಒತ್ತಿಕೊಂಡರೆ ಆ ಬೆರಳುಗಳು ಜೋಮು ಹಿಡಿಯುತ್ತವೆ, ರಾತ್ರಿ ಎಚ್ಚರವಾಗಿ ಕೈ ಕೊಡವುವಂತಾಗುತ್ತದೆ. ಜೋಮು ಕಿರುಬೆರಳಿನಲ್ಲಿದ್ದರೆ ಅಪರಾಧಿ ಬೇರೆ ನರ, ಮತ್ತು ತಪ್ಪು ಹೆಚ್ಚಾಗಿ ಮೊಣಕೈಯನ್ನು ಮಡಚಿಕೊಂಡು ಮಲಗಿ ಆಡುವುದರಲ್ಲಿದೆ. ಜೋಮೇ ಇಲ್ಲದೆ ಹೆಬ್ಬೆರಳ ಬುಡದಲ್ಲಿ ಮಾತ್ರ ನೋವಿದ್ದರೆ, ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಕೈಯನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿ. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಚುಚ್ಚಿದಂತಾದರೆ ಅನುಮಾನ ಡಿ ಕ್ವೆರ್ವೇನ್ ಮೇಲೆ. ಸ್ವಲ್ಪ ಎಳೆತ ಎಲ್ಲರಿಗೂ ಆಗುತ್ತದೆ, ಅದಕ್ಕೆ ಗಾಬರಿ ಬೇಡ. ಮೂರು ನೋವು, ಮೂರು ಜಾಗ, ಮೂರು ಚಿಕಿತ್ಸೆ. ಮೂರಕ್ಕೂ ಒಂದೇ ಚೀಟಿ ಅಂಟಿಸುವವರು ರೋಗ ಪತ್ತೆ ಮಾಡಿದ್ದಾರೋ ನಾಮಕರಣ ಮಾಡಿದ್ದಾರೋ?

ಆರನೆಯದು ಕಾನೂನುಪ್ರಿಯರ ವಾದ: “ಸಮಯಕ್ಕೆ ಮಿತಿ ಹಾಕಿದರೆ ಸಾಕು.” ಮಿತಿ ಹಾಕಿಯಾಗಿದೆ. ಪಬ್‌ಜಿಯ ಭಾರತೀಯ ರೂಪವಾದ ಬಿಜಿಎಂಐ ನಿರ್ಬಂಧದ ಬಳಿಕ 2023ರ ಮೇನಲ್ಲಿ ಮರಳಿದಾಗ 18 ದಾಟದವರಿಗೆ ದಿನಕ್ಕೆ ಮೂರು ಗಂಟೆ, ಉಳಿದವರಿಗೆ ಆರು ಗಂಟೆ ಎಂದು ಕಟ್ಟು ಹಾಕಿಕೊಂಡೇ ಬಂತು. ಕೈಗೆ ಅದರಿಂದ ಸಿಕ್ಕಿದ್ದೇನು? ಮೂರು ಗಂಟೆಯನ್ನು ಒಂದೇ ಉಸಿರಿಗೆ ಆಡಿದವನೂ ನಿಯಮದೊಳಗೇ ಇದ್ದಾನೆ, ನಡುವೆ ಐದು ಸಲ ಎದ್ದವನೂ ನಿಯಮದೊಳಗೇ ಇದ್ದಾನೆ. 1990ರಲ್ಲಿ ವೈದ್ಯಕೀಯ ಪತ್ರಿಕೆಯೊಂದು ‘ನಿಂಟೆಂಡಿನೈಟಿಸ್’ ಎಂದು ಹೆಸರಿಟ್ಟು ವರದಿ ಮಾಡಿದ ಮಹಿಳೆ ವರ್ಷಾನುಗಟ್ಟಲೆ ಆಡಿದವಳಲ್ಲ, ಐದು ಗಂಟೆ ಬಿಡುವಿಲ್ಲದೆ ಗುಂಡಿ ಒತ್ತಿದವಳು. ಗಡಿಯಾರ ಒಟ್ಟು ಮೊತ್ತವನ್ನು ಕೂಡಿಸುತ್ತದೆ, ಸ್ನಾಯುರಜ್ಜು ಎಡೆಬಿಡದ ಸರದಿಯನ್ನು ಎಣಿಸುತ್ತದೆ. ಮಳೆ ಹಿಡಿದರೆ ದಿನಗಟ್ಟಲೆ ಬಿಡದ ಕಣಕುಂಬಿ, ಜಾಂಬೋಟಿ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಮಿತಿ ಹಾಕುವ ತಂದೆತಾಯಿಗಳು ಈ ವ್ಯತ್ಯಾಸವನ್ನು ಮೊದಲು ತಿಳಿಯಬೇಕು.

ಏಳನೆಯ ವಾದದಿಂದ ಹುಡುಗರು ಮರಳಿ ಬರುತ್ತಾರೆ: “ಮ್ಯಾಚ್ ನಡುವ ಎದ್ದರ ಸ್ಕ್ವಾಡ್ ಸಾಯತೈತಿ, ಹಿಡಿತ ಬದಲಿಸಿದ್ರ ಗುರಿ ಕೆಡತೈತಿ.” ಮ್ಯಾಚಿನ ನಡುವೆ ಏಳಿ ಎಂದವರು ಯಾರು? ಒಂದು ಪೂರ್ತಿ ಮ್ಯಾಚು ಸುಮಾರು ಅರ್ಧ ಗಂಟೆ, ಆಮೇಲೆ ಮುಂದಿನ ಮ್ಯಾಚಿಗೆ ಕಾಯುವ ಲಾಬಿ, ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ನೀವು ಹೊಸ ಸ್ಕಿನ್ ನೋಡುತ್ತೀರಿ. ಬದಲಿಗೆ ಫೋನು ಕೆಳಗಿಟ್ಟು, ತೋಳು ಚಾಚಿ, ಬೆರಳು ಬಿಚ್ಚಿ ಮಡಚಿ ಎಂದಷ್ಟೇ ಕೇಳುತ್ತಿದ್ದೇನೆ. ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ ಚಿಕ್ಕ ಬಿಡುವು ಕೊಟ್ಟು ನೋಡಿದ 2001ರ ಅಧ್ಯಯನದಲ್ಲಿ ಮೈನೋವು ಇಳಿಯಿತು, ಕೆಲಸ ಮಾತ್ರ ಕುಗ್ಗಲಿಲ್ಲ. ಗುರಿಯ ಮಾತಿಗೆ ಬಂದರೆ, ಆಟದ ಸೆಟ್ಟಿಂಗ್ಸ್‌ನಲ್ಲಿ ಬಟನ್‌ಗಳನ್ನು ಹೆಬ್ಬೆರಳಿಗೆ ಹತ್ತಿರ ತರಬಹುದು, ಸೆನ್ಸಿಟಿವಿಟಿ ತುಸು ಏರಿಸಿದರೆ ಹೆಬ್ಬೆರಳು ಕಡಿಮೆ ದೂರ ಎಳೆದರೆ ಸಾಕು. ಫೋನಿನ ಭಾರವನ್ನು ಮೇಜು ಅಥವಾ ತೊಡೆಯ ಮೇಲಿನ ದಿಂಬು ಹೊರಲಿ, ಮಣಿಕಟ್ಟು ಬಾಗದೆ ನೇರವಾಗಿರಲಿ. ಮೌಸಿನಲ್ಲಿ ಆಡುವವರು ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತದೆ, ಮೊಣಕೈಯಿಂದ ಕೈ ಆಡಿಸಲಿ. ಮೊದಲ ವಾರ ಗುರಿ ತಪ್ಪೀತು. ಮೂರು ಬೆರಳಿನಿಂದ ಕ್ಲಾಗೆ ಬಂದಾಗಲೂ ತಪ್ಪಿತ್ತಲ್ಲ, ಆಗ ಯಾರೂ ದೂರಲಿಲ್ಲವೇಕೆ?

ಕೊನೆಯ ವಾದ ಹಿರಿಯರು, ಹುಡುಗರು ಈ ಎರಡೂ ಪಕ್ಷಗಳ ಪಾಲಿನ ಗುಪ್ತ ಬಾಗಿಲು: “ಇಷ್ಟಕ್ಕೆಲ್ಲ ಡಾಕ್ಟರ್ ಯಾಕ?” ಇಷ್ಟಕ್ಕೆಲ್ಲ ಬೇಡ. ಹಿಡಿತ, ಬಿಡುವು ಎರಡನ್ನೂ ತಿದ್ದಿದ ಮೇಲೂ ಎರಡು ವಾರದಲ್ಲಿ ಇಳಿಯದ ನೋವಿಗೆ, ರಾತ್ರಿ ಎಬ್ಬಿಸುವ ಜೋಮಿಗೆ, ಲೋಟ ಜಾರಿಸುವ ಹಿಡಿತಕ್ಕೆ ಬೇಕು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮೂಳೆ ವಿಭಾಗವಿದೆ, ಕೆಎಲ್‌ಇಯಲ್ಲಿ ಫಿಸಿಯೊಥೆರಪಿಯ ಕಾಲೇಜೇ ಇದೆ. ಖಾನಾಪುರದಿಂದ ಇಲ್ಲಿಗೆ ಬಸ್ಸಿನ ದಾರಿ. ಹೊಸ ಫೋನು ಕೊಳ್ಳಲು ಅದೇ ಬಸ್ಸಿನಲ್ಲಿ ಬರುವಾಗ ದೂರ ಎನಿಸದ ಊರು ಕೈ ತೋರಿಸಲು ಬರುವಾಗ ದೂರವಾಗುವುದು ಹೇಗೆಂದು ನನಗಂತೂ ಅರ್ಥವಾಗಿಲ್ಲ.

ಎಲ್ಲ ವಾದಗಳನ್ನೂ ಕೇಳಿದ್ದೀರಿ. ತೀರ್ಪು ಬರೆಯುವ ಮುನ್ನ ಎದುರುವಾದಿಗಳಿಗೆ, ಹಿರಿಯರಿರಲಿ ಹುಡುಗರಿರಲಿ ಅಂಗಡಿಯವರಿರಲಿ, ಮೂರೇ ಪ್ರಶ್ನೆ ಕೇಳಿ: ನೋಯುವುದು ಯಾವ ಬೆರಳು? ಎಷ್ಟು ಹೊತ್ತು ಆಡಿದ ಮೇಲೆ? ಆಗ ಕೈ ಯಾವ ಭಂಗಿಯಲ್ಲಿತ್ತು? ಉತ್ತರ ಗೊತ್ತಿದ್ದವನ ಜತೆ ನಾನು ಎಷ್ಟು ಹೊತ್ತು ಬೇಕಾದರೂ ಚರ್ಚೆಗೆ ಕೂರುತ್ತೇನೆ. ಗೊತ್ತಿಲ್ಲದವನು ಇಷ್ಟು ದಿನ ಮಾತಾಡಿದ್ದು ತನ್ನ ಸಿಟ್ಟಿನ ಬಗ್ಗೆ, ತನ್ನ ಜಂಬದ ಬಗ್ಗೆ, ತನ್ನ ವ್ಯಾಪಾರದ ಬಗ್ಗೆ. ಕೈನೋವಿನ ಬಗ್ಗೆ ಅವನು ಇನ್ನೂ ಬಾಯಿಯನ್ನೇ ತೆರೆದಿಲ್ಲ.