ಪೆಟ್ಟಿಗೆ ಮನೆಯವರದು, ಬೀಗದ ಕೈ ಯಾರದು?

ಹಾಲ್‌ನಲ್ಲಿ ಭರಾಟೆಯಿಂದ ಓಡುವ ವೈಫೈ ಅಡುಗೆಮನೆ ದಾಟುವಷ್ಟರಲ್ಲಿ ಏದುಸಿರು ಬಿಡುತ್ತದೆ. ಹಿತ್ತಿಲ ಕೋಣೆಯಲ್ಲಂತೂ ಪತ್ತೆಯೇ ಇಲ್ಲ. ಬಹಳಷ್ಟು ಸಲ ಇದು ಇಂಟರ್ನೆಟ್ ಕೊಟ್ಟವರ ತಪ್ಪಲ್ಲ, ಗೋಡೆಯದು. ಕರಾವಳಿಯ ಕೆಂಪುಕಲ್ಲಿನ ಗೋಡೆ, ಬಯಲುಸೀಮೆಯ ಕಲ್ಲುಗೋಡೆ, ಕಬ್ಬಿಣದ ಸರಳು ಹೆಣೆದ ಆರ್‌ಸಿಸಿ ತಾರಸಿ ಇವೆಲ್ಲ ರೇಡಿಯೊ ಅಲೆಗಳನ್ನು ತಡೆಯುತ್ತವೆ. ವೇಗದ 5 ಗಿಗಾಹರ್ಟ್ಸ್ ಅಲೆ ಗೋಡೆಯ ಮುಂದೆ ಬೇಗ ಸೋಲುತ್ತದೆ. 2.4 ಗಿಗಾಹರ್ಟ್ಸ್ ಅಲೆ ತುಸು ದೂರ ಹೋದೀತು, ಆದರೆ ಅಲ್ಲಿ ಅಕ್ಕಪಕ್ಕದ ಮನೆಗಳ ವೈಫೈ ಗದ್ದಲ ಜಾಸ್ತಿ.

ಅಂಗಡಿಯವರ ಉತ್ತರ ಸಿದ್ಧವಾಗಿರುತ್ತದೆ: ಮೆಶ್ ಹಾಕಿಸಿ. ಎರಡು ಮೂರು ರೌಟರ್‌ಗಳು ಕೈಕೈ ಹಿಡಿದು ಮನೆಯಿಡೀ ಒಂದೇ ಹೆಸರಿನ ವೈಫೈ ಹರಡುವುದೇ ಮೆಶ್. ಉಪಾಯ ಒಳ್ಳೆಯದೇ. ಆದರೆ ಒಂದು ಕಂಪನಿಯ ಮೆಶ್ ಸಾಮಾನ್ಯವಾಗಿ ಇನ್ನೊಂದು ಕಂಪನಿಯ ರೌಟರ್ ಜೊತೆ ಮಾತಾಡುವುದಿಲ್ಲ. ಒಂದು ಕೆಟ್ಟರೆ ಮತ್ತದೇ ಕಂಪನಿಯ ಬಾಗಿಲು ತಟ್ಟಬೇಕು. ಕಂಪನಿ ಆ ಮಾದರಿಯನ್ನೇ ಕೈಬಿಟ್ಟರೆ? ಪೆಟ್ಟಿಗೆ ಗಟ್ಟಿಮುಟ್ಟಾಗಿದ್ದರೂ ಒಳಗಿನ ತಂತ್ರಾಂಶಕ್ಕೆ, ಅಂದರೆ ಫರ್ಮ್‌ವೇರ್‌ಗೆ, ತೇಪೆ ಹಾಕುವವರಿರುವುದಿಲ್ಲ.

ತೇಪೆ ಹಾಕದಿದ್ದರೆ ಏನಾಗುತ್ತದೆಂದು 2018ರ ಮೇ ತಿಂಗಳಲ್ಲಿ ಜಗತ್ತು ನೋಡಿತು. ವಿಪಿಎನ್‌ಫಿಲ್ಟರ್ ಎಂಬ ಕಳ್ಳ ತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ ಐದು ಲಕ್ಷ ರೌಟರ್ ಮತ್ತಿತರ ಉಪಕರಣಗಳಲ್ಲಿ ಹೊಕ್ಕು ಕುಳಿತಿದ್ದು ಬಯಲಾಯಿತು. ಹೆಚ್ಚಿನವು ಮನೆ, ಸಣ್ಣ ಕಚೇರಿಗಳ ಪೆಟ್ಟಿಗೆಗಳು. ಹಾದುಹೋಗುವ ಮಾಹಿತಿಯನ್ನು ಕದಿಯುವುದೂ ಬೇಕೆಂದಾಗ ಪೆಟ್ಟಿಗೆಯನ್ನೇ ಕೊಲ್ಲುವುದೂ ಅದಕ್ಕೆ ಗೊತ್ತಿತ್ತು.

ನೀಲಿ ಪೆಟ್ಟಿಗೆಯ ಗುಟ್ಟು

ಇದಕ್ಕೊಂದು ಮದ್ದು ಹುಟ್ಟಿದ್ದು ಆಕಸ್ಮಿಕವಾಗಿ. 2002ರ ಕೊನೆಯಲ್ಲಿ ಲಿಂಕ್ಸಿಸ್ ಕಂಪನಿ ಡಬ್ಲ್ಯುಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೌಟರನ್ನು ಮಾರುಕಟ್ಟೆಗೆ ತಂದಿತು. ಅದರ ಒಳಗಿರುವುದು ಲಿನಕ್ಸ್ ಎಂಬುದನ್ನು ಕುತೂಹಲಿಗಳು 2003ರಲ್ಲಿ ಪತ್ತೆಹಚ್ಚಿದರು. ಲಿನಕ್ಸ್ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. ಆದರೆ ಒಂದು ಷರತ್ತುಂಟು. ಅದನ್ನು ಬಳಸಿ ಸರಕು ಮಾರುವವರು ಅದರ ಮೂಲ ಸಂಕೇತವನ್ನೂ ಕೊಡಬೇಕು. ಒತ್ತಡ ಹೆಚ್ಚಿ ಕಂಪನಿ ಸಂಕೇತವನ್ನು ಬಿಚ್ಚಿಟ್ಟಿತು. 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಸ್ವಯಂಸೇವಕರ ಯೋಜನೆ ಶುರುವಾಯಿತು. ಪೆಟ್ಟಿಗೆಯ ಹೆಸರೇ ಯೋಜನೆಯ ಹೆಸರಿಗೂ ಅಂಟಿತು.

ಮುಂದಿನದು ಇನ್ನೂ ಸ್ವಾರಸ್ಯ. 2005ರಲ್ಲಿ ಕಂಪನಿ ಅದೇ ಪೆಟ್ಟಿಗೆಯ ಐದನೆಯ ಆವೃತ್ತಿಯಲ್ಲಿ ಲಿನಕ್ಸ್ ತೆಗೆದು ಬೇರೆ ತಂತ್ರಾಂಶ ತುಂಬಿತು, ಮೆಮೊರಿಯನ್ನೂ ಅರ್ಧಕ್ಕಿಳಿಸಿತು. ಬಳಕೆದಾರರು ಮುನಿಸಿಕೊಂಡರು. ಕೊನೆಗೆ ಡಬ್ಲ್ಯುಆರ್‌ಟಿ54ಜಿಎಲ್ ಎಂದು ಹಳೆಯ ಬಗೆಯ ಲಿನಕ್ಸ್ ಪೆಟ್ಟಿಗೆಯನ್ನೇ ಮತ್ತೆ ಮಾರಿತು!

ಅದೇ 2005ರಲ್ಲಿ ಹಿಮಾಚಲದ ಧರ್ಮಶಾಲೆಯಲ್ಲಿ ಇಂಥ ಅಗ್ಗದ ರೌಟರ್‌ಗಳ ತಂತ್ರಾಂಶ ಬದಲಿಸಿ ಗುಡ್ಡದಿಂದ ಗುಡ್ಡಕ್ಕೆ ಮೆಶ್ ಜಾಲ ಹೆಣೆದರು. ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದಲ್ಲೂ ಬೆಂಗಳೂರಿನ ಜನಸ್ತು ಸಂಸ್ಥೆ ಊರವರದೇ ವೈಫೈ ಮೆಶ್ ಕಟ್ಟಲು ಮುಂದಾಯಿತು.

ಕೊಳ್ಳುವ ಮುನ್ನ

ಹಾಗೆಂದು ಅಗ್ಗದ ರೌಟರೆಲ್ಲ ಇದಕ್ಕೆ ಒಗ್ಗುವುದಿಲ್ಲ. ಓಪನ್‌ಡಬ್ಲ್ಯುಆರ್‌ಟಿಯವರ ಪಟ್ಟಿಯಲ್ಲಿ ಆ ಮಾದರಿ ಇದೆಯೇ ಎಂದು ಮೊದಲು ನೋಡಬೇಕು. ಮಾದರಿಯ ಹೆಸರು ಹೊಂದಿದರಷ್ಟೇ ಸಾಲದು, ತಳದ ಚೀಟಿಯಲ್ಲಿರುವ ಆವೃತ್ತಿಯ ಸಂಖ್ಯೆಯೂ ಹೊಂದಬೇಕು. ಮೇಲೆ ಹೇಳಿದ ಐದನೆಯ ಆವೃತ್ತಿಯ ಪಾಠ ಇದೇ. ಫ್ಲಾಶ್ 16 ಮೆಗಾಬೈಟ್, ರ‍್ಯಾಮ್ 128 ಮೆಗಾಬೈಟ್‌ಗಿಂತ ಕಡಿಮೆಯಿದ್ದರೆ ಬೇಡ. ಮೀಡಿಯಾಟೆಕ್ ಚಿಪ್‌ಗಳಿಗೆ ಬೆಂಬಲ ಚೆನ್ನಾಗಿದೆ. ಬ್ರಾಡ್‌ಕಾಂ ವೈಫೈ ಚಿಪ್ ಇದ್ದರೆ ತಾಪತ್ರಯ ಹೆಚ್ಚು. ಈ ಯೋಜನೆಯವರೇ ರೂಪಿಸಿದ ಓಪನ್‌ಡಬ್ಲ್ಯುಆರ್‌ಟಿ ಒನ್ ಎಂಬ ರೌಟರ್ 2024ರ ಕೊನೆಯಲ್ಲಿ 89 ಡಾಲರ್ ಬೆಲೆಗೆ ಬಂದಿತು.

ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳಿಗೂ ಒಂದೇ ತಂತ್ರಾಂಶ ತುಂಬಿದರೆ, 802.11ಎಸ್ ಎಂಬ ಮೆಶ್ ಭಾಷೆಯಲ್ಲಿ ಅವು ಪರಸ್ಪರ ಮಾತಾಡಬಲ್ಲವು. ಆದರೆ ಒಂದೇ ರೇಡಿಯೊ ಒಂದು ಕಡೆಯಿಂದ ಕೇಳಿಸಿಕೊಂಡು ಇನ್ನೊಂದು ಕಡೆಗೆ ಹೇಳಬೇಕಾದ್ದರಿಂದ ಪ್ರತಿ ನೆಗೆತಕ್ಕೂ ವೇಗ ಸುಮಾರು ಅರ್ಧವಾಗುತ್ತದೆ. ಕೋಣೆಯಿಂದ ಕೋಣೆಗೆ ಒಂದು ಕೇಬಲ್ ಎಳೆಯಲು ಸಾಧ್ಯವಿದ್ದರೆ ಅದಕ್ಕಿಂತ ಉತ್ತಮವಾದದ್ದು ಬೇರೆ ಇಲ್ಲ. ಆಗ ಮೆಶ್ ಕೂಡ ಬೇಡ. ಎರಡನೆಯ ರೌಟರಿಗೂ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಬರೀ ವೈಫೈ ಹರಡುವ ಕೆಲಸಕ್ಕೆ ಬಿಟ್ಟರೆ ಮುಗಿಯಿತು. ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆಗೆ ಕೈಹಾಕದೆ ಅದರ ಹಿಂದೆ ಸ್ವಂತ ರೌಟರ್ ಜೋಡಿಸುವುದು ಕ್ಷೇಮ.

ತಂತ್ರಾಂಶ ಬದಲಿಸುವಾಗ ಮಧ್ಯೆ ಕರೆಂಟ್ ಹೋದರೆ ರೌಟರ್ ‘ಇಟ್ಟಿಗೆ’ಯಾದೀತು, ಬಲ್ಲವರು ಅದನ್ನು ಹಾಗೆಯೇ ಕರೆಯುತ್ತಾರೆ. ಹಾಗಾಗಿ ಯುಪಿಎಸ್ ಇರಲಿ, ವೈಫೈ ಬದಲು ಕೇಬಲ್ ಮೂಲಕವೇ ಕೆಲಸ ನಡೆಯಲಿ. ಹೊಸ ತಂತ್ರಾಂಶ ಕುಳಿತ ಮೇಲೆ ವೈಫೈ ಕಾಣದಿದ್ದರೆ ಗಾಬರಿ ಬೇಡ. ಬಹುತೇಕ ಪೆಟ್ಟಿಗೆಗಳಲ್ಲಿ ಅದನ್ನು ನಾವೇ ಚಾಲೂ ಮಾಡಬೇಕು. ವಾರಂಟಿಗೆ ಎಳ್ಳುನೀರು ಬಿಡಬೇಕಾದೀತು ಎಂಬುದೂ ನೆನಪಿರಲಿ.

ಇಷ್ಟು ಉಸಾಬರಿ ಬೇಡವೆನ್ನುವವರು ಕಂಪನಿಯ ಮೆಶ್ ಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆದರೆ ಕೌಂಟರಿನಲ್ಲಿ ವೇಗ, ಬೆಲೆಗಳ ಜೊತೆ ಇನ್ನೊಂದು ಪ್ರಶ್ನೆಯನ್ನೂ ಕೇಳಲಿ: ಇದಕ್ಕೆ ಎಷ್ಟು ವರ್ಷ ತೇಪೆ ಹಾಕುತ್ತೀರಿ?