ಕಾಡಾದ ಊರ ತೋಟ

ಮಳೆಗಾಲ ಬಂತೆಂದರೆ ನಮ್ಮ ಬೇಲಾಪುರದ ಪಾರ್ಸಿಕ್ ಗುಡ್ಡ ಹಸಿರಾಗುತ್ತದೆ. ಕಣ್ಣಿಗೆ ತಂಪು. ಆದರೆ ಅಂಥದೇ ಹಸಿರು ಉಡುಪಿ, ಮಂಗಳೂರು ಕಡೆಯ ನಮ್ಮ ಹಿರಿಯರ ತೋಟದಲ್ಲಿ ಹಬ್ಬಿದಾಗ ಎದೆ ಧಸಕ್ಕೆನ್ನುತ್ತದೆ. ಅಜ್ಜ ನೆಟ್ಟ ಅಡಿಕೆ, ತೆಂಗಿನ ನಡುವೆ ಕಾಲಿಡಲು ದಾರಿಯಿಲ್ಲ. ಬಾವಿಕಟ್ಟೆ ಎಲ್ಲಿದೆಯೆಂದು ಹುಡುಕಬೇಕು. ಮುಂಬಯಿಯಲ್ಲಿ ಕುಳಿತು ನೆನೆಯುವಾಗ ಮಾತ್ರ ಎಲ್ಲವೂ ಚೆನ್ನಾಗಿರುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದು ಹಿರಿಯರು ಸುಮ್ಮನೆ ಹೇಳಿದರೇ?

ನಮ್ಮಲ್ಲಿ ಅನೇಕರು ಊರಿಗೆ ಹೋಗುವುದು ಮಕ್ಕಳ ಪರೀಕ್ಷೆ ಮುಗಿದ ಮೇಲೆ, ಮೇ ತಿಂಗಳಲ್ಲಿ. ಮದುವೆ, ಉಪನಯನ, ನೇಮಗಳ ನಡುವೆ ನಾಲ್ಕು ಆಳುಗಳನ್ನು ಕರೆಸಿ, ಎರಡು ದಿನ ಕಳೆ ಸವರಿಸಿ ಹಿಂತಿರುಗುತ್ತೇವೆ. ಮರುವರ್ಷ ಹೋದರೆ ಮತ್ತೆ ಅದೇ ಕಾಡು! ಆಳುಗಳು ಪಾಪ, ಚೆನ್ನಾಗಿಯೇ ಸವರಿರುತ್ತಾರೆ. ಆರಿಸಿದ ತಿಂಗಳು ಸರಿಯಿಲ್ಲ, ಅಷ್ಟೆ.

ಕರಾವಳಿಯ ತೋಟಗಳನ್ನು ನುಂಗುವ ಕಳೆಗಳಲ್ಲಿ ಮುಖ್ಯವಾದುದು ಕಮ್ಯುನಿಸ್ಟ್ ಗಿಡ. ಅಮೆರಿಕ ಖಂಡದಿಂದ ಬಂದ ಇದನ್ನು ಕೇರಳದವರು ಕಮ್ಯುನಿಸ್ಟ್ ಪಚ್ಚ ಎನ್ನುತ್ತಾರೆ. ಅತ್ತ ಘಟ್ಟದ ಮೇಲಿನ ಬಯಲುಸೀಮೆಯಲ್ಲಿ, 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡ ಕಾಂಗ್ರೆಸ್ ಹುಲ್ಲಿನ ಹಾವಳಿ. ಕಳೆಗಳ ರಾಜ್ಯದಲ್ಲಿ ಎರಡು ಪಕ್ಷಕ್ಕೂ ಬಹುಮತ!

ಕಮ್ಯುನಿಸ್ಟ್ ಗಿಡ ಹೂ ಬಿಡುವುದು ಡಿಸೆಂಬರ್-ಜನವರಿಯಲ್ಲಿ. ನವಿರಾದ ಕುಚ್ಚಿರುವ ಅದರ ಬೀಜ ಬೇಸಗೆಯ ಗಾಳಿಗೆ ಹಾರಿ ಎಲ್ಲೆಡೆ ಬೀಳುತ್ತದೆ. ನಾವು ಮೇ ತಿಂಗಳಲ್ಲಿ ಕತ್ತಿ ಹಿಡಿಯುವಾಗ ಬಿತ್ತನೆ ಮುಗಿದಿರುತ್ತದೆ. ಸವರಿದ ನೆಲಕ್ಕೆ ಬಿಸಿಲು ಬೀಳುತ್ತದೆ, ಜೂನ್‌ನಲ್ಲಿ ಮಳೆ ಬೀಳುತ್ತದೆ. ಬೀಜವೂ ಮೊಳೆಯುತ್ತದೆ, ಕಡಿದ ಬುಡವೂ ಚಿಗುರುತ್ತದೆ. ಬೆಂಕಿ ಕೊಟ್ಟರೂ ಬೇರು ಸಾಯುವುದಿಲ್ಲ.

ಹಾಗಾದರೆ ಯಾವಾಗ? ನವರಾತ್ರಿಯಿಂದ ದೀಪಾವಳಿಯವರೆಗೆ. ಆಗ ನೆಲದಲ್ಲಿ ತೇವವಿರುತ್ತದೆ, ಸಣ್ಣ ಗಿಡಗಳು ಬೇರುಸಹಿತ ಕೈಗೇ ಬರುತ್ತವೆ. ದೊಡ್ಡ ಬುಡಗಳನ್ನು ಪಿಕ್ಕಾಸಿನಿಂದ ಅಗೆದು ತೆಗೆಯಬೇಕು. ಹೂವಾಗುವ ಮೊದಲೇ ಕಿತ್ತರೆ ಮುಂದಿನ ವರ್ಷದ ಬಿತ್ತನೆಯೇ ತಪ್ಪುತ್ತದೆ. ಕಿತ್ತ ಸೊಪ್ಪು ಗೊಬ್ಬರವಾಗುತ್ತದೆ. ಲಂಟಾನ ಇದ್ದರೆ ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಅವರ ತಂಡ ರೂಪಿಸಿದ ಕ್ರಮವಿದೆ: ತಾಯಿಬೇರನ್ನು ಮಣ್ಣಿನಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ಕಡಿದು, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡುವುದು. ಹಾವುಗಳಿರುತ್ತವೆ, ಮೊದಲು ಕೋಲಿನಿಂದ ಬಡಿದು, ಬೂಟು ಹಾಕಿಯೇ ಇಳಿಯಿರಿ.

ಇನ್ನೊಂದು ಮಾತು. ಇಡೀ ತೋಟಕ್ಕೆ ಒಂದೇ ಸಲ ಕೈ ಹಾಕಬೇಡಿ. ಮನೆಯ ಬಳಿಯ, ಕಳೆ ಕಡಿಮೆಯಿರುವ ಭಾಗದಿಂದ ಆರಂಭಿಸಿ. ತೆರವಾದ ನೆಲ ಖಾಲಿ ಬಿದ್ದರೆ ಕಳೆ ಮರಳಿ ಬರುತ್ತದೆ. ತೆಂಗಿನ ಮಡಲು, ಅಡಿಕೆ ಸೋಗೆ ಹೊದಿಸಿ. ಬಾಳೆ, ಪುನರ್ಪುಳಿ ನೆಡಿ. ದಟ್ಟ ನೆರಳಿನಲ್ಲಿ ಕಮ್ಯುನಿಸ್ಟ್ ಗಿಡ ಸೊರಗುತ್ತದೆ. ಮುಂದಿನ ವರ್ಷ ಆ ಭಾಗವನ್ನು ಉಳಿಸಿಕೊಂಡೇ ಮುಂದಕ್ಕೆ ಹೋಗಿ.

ಹಿಂದೆ ಮನೆಮನೆಯಲ್ಲಿ ಕೊಟ್ಟಿಗೆಯಿತ್ತು. ದನಗಳ ಕಾಲಡಿಗೆ ಹಾಕಲು ದಿನವೂ ಸೊಪ್ಪು ಕಡಿಯುತ್ತಿದ್ದರು. ಪೊದೆ ಬೆಳೆಯಲು ಪುರುಸೊತ್ತೇ ಇರಲಿಲ್ಲ. ದನ ಹೋಯಿತು, ಸೊಪ್ಪು ಕಡಿಯುವ ಕೈಗಳು ಮುಂಬಯಿ ಸೇರಿದವು. ಪಾಲಾಗದ ಆಸ್ತಿಯಾದರಂತೂ "ನಾನೊಬ್ಬನೇ ಯಾಕೆ ಖರ್ಚು ಮಾಡಲಿ?" ಎಂದು ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಸುಮ್ಮನಾಗುತ್ತಾರೆ. ಅಷ್ಟರಲ್ಲಿ ನಮ್ಮ ಬೀಜ ಬೇಲಿ ದಾಟಿ, ಊರಿನಲ್ಲೇ ಉಳಿದು ದುಡಿಯುವ ನೆರೆಯವರ ತೋಟಕ್ಕೆ ಬೀಳುತ್ತಿರುತ್ತದೆ. ಕೊನೆಗೆ ಯಾರೋ ಬಂದು "ಬರೀ ಕಾಡಲ್ಲವೇ?" ಎಂದು ಕಾಡಿನ ಬೆಲೆಗೆ ಕೇಳುತ್ತಾರೆ. ಮಾರುವುದು ಬಿಡುವುದು ಅವರವರ ಇಷ್ಟ. ಮಾರುವುದಾದರೂ ತೋಟವಾಗಿ ಮಾರೋಣ, ಕಾಡಾಗಿ ಬೇಡ.

ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡತೊಡಗಿದ ಮೇಲೆ ಊರು ದೂರವೇನಲ್ಲ. ಪನ್ವೇಲಿನಲ್ಲಿ ಹತ್ತಿದರೆ ಒಂದು ರಾತ್ರಿಯ ಪ್ರಯಾಣ. ಒಡಹುಟ್ಟಿದವರೆಲ್ಲ ಸೇರಿ ಒಂದು ವರ್ಷದ ಖರ್ಚು ಹಂಚಿಕೊಳ್ಳಿ, ನೆರೆಯವರಲ್ಲಿ ಒಬ್ಬರಿಗೆ ಮೇಲ್ವಿಚಾರಣೆ ವಹಿಸಿ. ಮೇ ತಿಂಗಳಲ್ಲಿ ಮದುವೆಯೂಟಕ್ಕೆ ಹೋಗಿ ಬನ್ನಿ. ತೋಟಕ್ಕೆ ಮಾತ್ರ ದೀಪಾವಳಿಯ ರಜೆಯನ್ನು ಕೊಡಿ, ಮಕ್ಕಳನ್ನೂ ಕರೆದೊಯ್ಯಿರಿ. ಅಜ್ಜನ ಬಾವಿಕಟ್ಟೆ ಎಲ್ಲಿದೆಯೆಂದು ಅವರಿಗೂ ತಿಳಿದಿರಲಿ.